ಎರಡು ಪೆಟ್ಟಿಗೆಗಳ ಡ್ರೈವರಣ್ಣ

ಡ್ರೈವರಣ್ಣನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಾವಿನ ಹಲ್ಲಿನ ಗುರುತುಗಳು ಅರ್ಧಚಂದ್ರಾಕಾರದಲ್ಲಿ ಸಾಲಾಗಿದ್ದವು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ನಾನು ದಿಟ್ಟಿಸುವುದನ್ನು ಕಂಡು "ವಿಷ ಇಲ್ಲ ಅಮ್ಮಾ, ಹಸಿವು ಮಾತ್ರ" ಎಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಮೈಸೂರಿನಿಂದ ಹೋದ ನಾನೂ ನನ್ನ ಗಂಡನೂ ಕತಾರಿನ ಅಲ್ ರಯ್ಯಾನ್‌ನಲ್ಲಿ ಒಬ್ಬ ಅರ್ಬಾಬರ, ಅಂದರೆ ಅರಬ್ ಧಣಿಯ, ಮನೆಯ ಹಿತ್ತಿಲ ಭಾಗದಲ್ಲಿ ಬಾಡಿಗೆಗಿದ್ದೆವು. ಡ್ರೈವರಣ್ಣ ಉಡುಪಿ ಕಡೆಯ ತುಳುವರು, ಅರ್ಬಾಬರ ಕಾರು ಓಡಿಸುತ್ತಿದ್ದರು. ಅರ್ಬಾಬರ ಮಗ ವಿದೇಶದಿಂದ ತರಿಸಿದ, ವಿಷವಿಲ್ಲದ ಎರಡು ಕಿಂಗ್ ಸ್ನೇಕ್‌ಗಳ ಚಾಕರಿಯೂ ಅವರ ತಲೆಗೇ ಬಿದ್ದಿತ್ತು.

ಹಾವಿನ ಕೋಣೆಗೆ ಅವರು ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು. ಎರಡು ಹಾವಿಗೂ ಬೇರೆ ಬೇರೆ ಪೆಟ್ಟಿಗೆ. ಮೊದಲು ಕೈಮುಗಿಯಬೇಕು, ಆಮೇಲೆ ಮುಚ್ಚಳ ತೆಗೆಯಬೇಕು. ಪೆಟ್ಟಿಗೆಯ ಒಂದು ತುದಿಯ ಅಡಿಗಷ್ಟೇ ಬಿಸಿಯ ಹಾಸು, ಇನ್ನೊಂದು ತುದಿ ತಂಪು. ಮುಚ್ಚಳದ ಕ್ಲಿಪ್ ಒತ್ತಿದ ಮೇಲೂ ಎರಡು ಸಲ ಎಳೆದು ನೋಡುತ್ತಿದ್ದರು. ಹಾವುಗಳ ಹಾಸ್ಟೆಲ್ ವಾರ್ಡನ್ ಎಂದು ನಾನು ಛೇಡಿಸುತ್ತಿದ್ದೆ.

ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಗೆ ಹಾಕಿ ಅತಿಥಿಗಳಿಗೆ ತೋರಿಸಬೇಕೆಂದು ಅರ್ಬಾಬರ ಮಗನಿಗೆ ಆಸೆ. "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದ. ಇವರು "ಇನ್ಶಾಲ್ಲಾ" ಎಂದು ದಿನ ದೂಡುತ್ತಿದ್ದರು. ಯಾಕೆಂದು ನಾನು ಕೇಳಿದರೆ "ಅವಕ್ಕೆ ಜೋಡಿ ಬೇಡ ಅಮ್ಮಾ, ಒಂಟಿಯೇ ಒಳ್ಳೆದು" ಎಂದಷ್ಟೇ ಹೇಳಿದರು. ಹಟಮಾರಿ ಮನುಷ್ಯ ಎಂದುಕೊಂಡೆ.

ಮದುವೆಯಾಗಿ ಒಂಬತ್ತು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಹೆಣೆದುಕೊಂಡ ಜೋಡಿ ನಾಗರಕಲ್ಲಿನ ಪ್ರತಿಷ್ಠೆ ಮಾಡಿಸು ಎಂದು ಅಮ್ಮ ಫೋನಿನಲ್ಲಿ ಪ್ರತಿ ವಾರ ಜಪ ಮಾಡುತ್ತಿದ್ದಳು. ಕತಾರಿನಲ್ಲಿ ನಾಗರಕಲ್ಲನ್ನು ಎಲ್ಲಿಂದ ತರಲಿ?

ಆ ವರ್ಷ ನಾಗರಪಂಚಮಿ ಶುಕ್ರವಾರ ಬಂತು. ಜ್ವರ ಹಿಡಿದು ಮಲಗಿದ್ದ ಡ್ರೈವರಣ್ಣ ಕೀಲಿ ಕೊಟ್ಟು "ನೀರು ಬದಲಿಸಿ, ಸಾಕು" ಎಂದರು. ನಾನು ಸ್ನಾನ ಮಾಡಿ, ಅರಿಶಿನ ಕುಂಕುಮ ತೆಗೆದುಕೊಂಡು ಹೋದೆ. ಸಣ್ಣ ಹಾವು ಮಲಗಿದ್ದ ಕುಡಿಕೆಯ ಬಾಯಿಗೆ ಬಟ್ಟೆ ಮುಚ್ಚಿ, ಎತ್ತಿ ದೊಡ್ಡದರ ಪೆಟ್ಟಿಗೆಯಲ್ಲಿಟ್ಟೆ. ಬಟ್ಟೆ ತೆಗೆದ ಸ್ವಲ್ಪ ಹೊತ್ತಿಗೆ ಎರಡೂ ಕಲ್ಲಿನಲ್ಲಿರುವಂತೆಯೇ ಹೆಣೆದುಕೊಂಡವು. ನನಗೆ ಕಣ್ಣು ತುಂಬಿ ಬಂತು. ಮುಚ್ಚಳ ಹಾಕಿ, ಅದಕ್ಕೆ ಕುಂಕುಮವಿಟ್ಟು, ಒಂದು ಮಗು ಕೊಡು ಎಂದು ಬೇಡಿಕೊಂಡೆ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮತ್ತೆ ಹೋದೆ. ಎ.ಸಿ. ಗುಂಯ್‌ಗುಡುತ್ತಿತ್ತು. ಪೆಟ್ಟಿಗೆಯಲ್ಲಿ ಒಂದೇ ಹಾವಿತ್ತು, ಬೆಳಗಿನದಕ್ಕಿಂತ ದಪ್ಪಗೆ. ಅದರ ಬಾಯಿಂದ ಬೆರಳುದ್ದದ ಬಾಲ ಹೊರಗಿತ್ತು. ಅದಿನ್ನೂ ಮೆಲ್ಲಗೆ ಅಲುಗುತ್ತಿತ್ತು.

ನನ್ನ ಕೂಗಿಗೆ ಡ್ರೈವರಣ್ಣ ಜ್ವರದಲ್ಲೇ ಓಡಿ ಬಂದರು. ಬೈಯಲಿಲ್ಲ. "ಹಾವನ್ನೇ ತಿನ್ನುವ ಜಾತಿ ಇದು" ಎಂದು ಗೊಣಗಿದರು. ಮುಚ್ಚಳದ ಕುಂಕುಮ ನೋಡಿ "ಹರಕೆಯಾ ಅಮ್ಮಾ?" ಎಂದರು. ನಾನು ತಲೆಯಾಡಿಸಿದೆ. ಅವರು ಲುಂಗಿಯ ತುದಿಯಿಂದ ಕುಂಕುಮ ಒರೆಸಿದರು.

"ನೀವು ಇಲ್ಲಿಗೆ ಬರ್ಲೇ ಇಲ್ಲ. ಹಾಕಿದ್ದು ನಾನು."

"ಬೇಡಿ, ನಾನೇ ಹೇಳ್ತೀನಿ."

"ಮಗು ಬೇಕು ಅಂತ ಕೇಳುವವರ ಹೆಸರಲ್ಲಿ ನಾಗನ ಸಾವು ಬೇಡ. ನನಗೆ ಮೂರು ಮಕ್ಕಳಾಗಿ ಆಯ್ತು."

ಪಾಪಿ ನಾನು, ಸುಮ್ಮನಾದೆ. ಹಾವು ಹೋದ ಸಿಟ್ಟಿಗೆ ಅರ್ಬಾಬರ ಮಗ "ಖಲಾಸ್" ಎಂದು ಅವರನ್ನು ಕೆಲಸದಿಂದ ತೆಗೆದ. ಹತ್ತು ದಿನದೊಳಗೆ ವೀಸಾ ರದ್ದಾಗಿ ಡ್ರೈವರಣ್ಣ ಊರಿಗೆ ಹೊರಟರು. ಅಲ್ಲಿ ಹಿಟ್ಟಿನ ಹಾವು ಮಾಡಿಸಿ, ತಮ್ಮ ಹೆಸರಿನಲ್ಲೇ ಸರ್ಪಸಂಸ್ಕಾರ ಮಾಡಿಸಿ ಸುಟ್ಟರಂತೆ. ಮನೆಯ ಸಾವಿಗೆ ಹಿಡಿಯುವ ಹಾಗೆ ಸೂತಕವನ್ನೂ ಹಿಡಿದರಂತೆ. ಫೋನಿನಲ್ಲಿ ಹೇಳಿ "ಇನ್ನು ನಿಮಗೆ ಎಂತ ದೋಷವೂ ಇಲ್ಲ" ಎಂದರು.

ಮರುವರ್ಷ ನನಗೆ ಮಗಳು ಹುಟ್ಟಿದಳು. ಮೊದಲು ಅವರಿಗೇ ಹೇಳಬೇಕೆಂದು ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. "ಅವರು ಹೋಗಿ ಇಪ್ಪತ್ತು ದಿನ ಆಯ್ತಲ್ಲ" ಎಂದರು.

ಹೇಗೆ ಹೋದರು ಎಂದು ಕೇಳಲು ಬಾಯಿ ತೆರೆದೆ. ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.