ಕಾಕಾ ಮಾಡಿದ ಫೇರ್ ಕಾಪಿ

ದೋಸ್ತ್ರ, ಇವತ್ತ ನನ್ನ ತಲಿ ಕೆಟ್ಟು ಮೊಸರ ಗಡಿಗಿ ಆಗೇತಿ.

ನಮ್ಮ ಕಾಕಾ ಉಪಗ್ರಹ ಪರೀಕ್ಷಾ ಮಾಡೋ ಎಂಜಿನಿಯರ್ ಇದ್ರು, ಈಗ ರಿಟೈರ್ ಆಗಿ ಗಂಗಾವತಿಯೊಳಗ ಅದಾರ. ಅವರ ಹಳೇ ಲಾಗ್ ಬುಕ್ ಸ್ಕ್ಯಾನ್ ಮಾಡಿ ಡಿಜಿಟಲ್ ಸಂಗ್ರಹಕ್ಕ ಕಳಸ್ತೀನಂತ ಮಾತು ಕೊಟ್ಟಿದ್ದೆ. ಪರೀಕ್ಷಾದಾಗ ಒಂದು ದಿನ ಬ್ಯಾಟರಿ ವಿಪರೀತ ಕಾದಿತ್ತಂತ. ಆ ದಿನದ ಲೆಕ್ಕ ಇದ್ದದ್ದು ಅದೊಂದ ಬುಕ್ಕಿನ್ಯಾಗ.

ನಿನ್ನೆ ಕುಷ್ಟಗಿಯಿಂದ ಸ್ಕ್ಯಾನರ್ ಹೊತ್ಕೊಂಡು ಬಂದು ಕಾಕಾ-ಕಾಕು ಮನ್ಯಾಗ ಉಳಿದೆ. ಇವತ್ತ ಜಳಕಾ ಮಾಡಿ ಕುಂತ್ರ, ಕಾಕಾ ಒಂದು ಹೊಸಾ ನೋಟ್‌ಬುಕ್ ಕೈಗಿಟ್ರು. ಮುತ್ತಿನಂಥ ಅಕ್ಷರ, ಕೆಂಪು ಪೆನ್ನಿನ ಮಾರ್ಜಿನ್.

"ಹಳೇದು ಭಾಳ ಹೊಲಸಾಗಿತ್ತಪಾ. ಎಲ್ಲಾ ಫೇರ್ ಮಾಡೇನಿ."

ಹಾಳಿ ತಿರುವಿದೆ. ಬ್ಯಾಟರಿ ಕಾದ ದಿನಾನ ಇಲ್ಲ.

"ಕಾಕಾ, ಆ ದಿನದ ರೀಡಿಂಗ್ ಎಲ್ಲೈತ್ರಿ?"

"ಅದಕ್ಕ ಸಾಹೇಬ್ರು ಆಗ ಭಾಳ ಬೈದಿದ್ರು. ಮಂದಿಗ್ಯಾಕ ತೋರಸಬೇಕಂತ ಬಿಟ್ಟೇನಿ."

"ಸಂಗ್ರಹದವ್ರು ಕೇಳಿದ್ದ ಅದನ್ರಿ."

"ತಪ್ಪಿದ್ದದ್ದನ್ನ ಯಾರರ ಫೇರ್ ಮಾಡ್ತಾರೇನು? ಸರ್ವಿಸಿನ್ಯಾಗ ನನ್ನ ಫೈಲ್ ಒಂದೂ ವಾಪಸ್ ಬಂದಿಲ್ಲ."

ಸಿಟ್ಟು ನುಂಗಿ, "ಹೋಗ್ಲಿ, ಆ ಹಳೇ ಬುಕ್ಕರ ಕೊಡ್ರಿ" ಅಂದೆ.

ಕಾಕಾ, ಕಾಕು ಮಾರಿ ನೋಡಿದ್ರು. ಕಾಕು ಬಚ್ಚಲ ಒಲಿ ಕಡೆ ನೋಡಿದ್ರು.

"ಕಟಗಿ ಹಸೀ ಇದ್ದು. ಮುಂಜಾನೆ ಎಷ್ಟು ಊದಿದ್ರೂ ಹತ್ತವಲ್ವಾಗಿದ್ದು," ಅಂದ್ರು ಕಾಕು.

ಆ ಬ್ಯಾಟರಿ ಯಾಕ ಕಾದಿತ್ತು ಅನ್ನೋದು ಇನ್ನ ಯಾರಿಗೂ ಗೊತ್ತಾಗಂಗಿಲ್ಲ. ಇವತ್ತ ನನ್ನ ಜಳಕದ ನೀರು ಮಾತ್ರ ಭಾಳ ಛಲೋ ಕಾದಿದ್ದು.