ವಠಾರದ ಮೇಲಿಂದ ಸುರಿಯದ ನೀಲಿ

ಸಾಕಮ್ಮಕ್ಕಾ, ಅವತ್ತು ನಿಮ್ಮ ಮೆಸ್ಸಿಗೆ ಕೊಳಚೆ ನೀರು ನುಗ್ಗಿದ್ದು ನೀವು ಪಾತ್ರೆ ತಿಕ್ಕಿದ ಬೂದಿಯಿಂದಲ್ಲ. ನನ್ನಿಂದ.

ನೀಲಿಯ ಕಥೆ ನಿಮಗೂ ಗೊತ್ತು—ನಂಜನಗೂಡಿನ ಅರ್ಧ ಊರಿಗೆ ನಾನೇ ಹೇಳಿ ನಗಿಸಿದ್ದೇನೆ. ಅರ್ಧ ಊರಿಗೆ, ಅರ್ಧ ಕಥೆ.

ಹಳೇ ಚರಂಡಿಯಲ್ಲಿ ಬಚ್ಚಲು, ಕಕ್ಕಸು, ಮಳೆ ನೀರು ಎಲ್ಲ ಒಟ್ಟಿಗೆ ಹರಿದು, ಜೋರು ಮಳೆ ಬಂದರೆ ಉಕ್ಕಿ ಕಪಿಲೆ ಹೊಳೆಗೆ ಸೇರುತ್ತಿತ್ತಲ್ಲ, ಅದಕ್ಕೇ ಕೊಳಚೆಗೆ ಬೇರೆ ಪೈಪು ಹಾಕುತ್ತಿದ್ದೆವು. ಮಳೆ ನೀರು ರಸ್ತೆ ಬದಿಯ ಮೋರಿಗೆ. ನಾನು ಗುತ್ತಿಗೆದಾರರ ಸೂಪರ್‌ವೈಸರ್—ಅಂದರೆ ಬೈಸಿಕೊಳ್ಳುವುದಕ್ಕೆ ಸಂಬಳ ಪಡೆಯುವವನು. ತಾರಸಿಯ ನೀರು ತಪ್ಪಿ ಕೊಳಚೆ ಪೈಪಿಗೆ ಸೇರಿದೆಯೇ ಎಂದು ನೋಡಲು, ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಕಲಸಿ ಮೇಲಿಂದ ಸುರಿಯುತ್ತಿದ್ದೆವು. ಕೆಳಗೆ ಕೊಳಚೆ ಪೈಪಿನ ಚೇಂಬರಿನಲ್ಲಿ, ಅಂದರೆ ಮುಚ್ಚಳ ತೆಗೆದು ನೋಡುವ ಗುಂಡಿಯಲ್ಲಿ, ನೀಲಿ ಕಂಡರೆ ಮತ್ತೆ ಅಗೆಯಬೇಕು. ಕಾಣದಿದ್ದರೆ ಪಾಸು.

ನಿಮ್ಮ ಬೀದಿಯ ಮೇಲುಗಡೆಯ ವಠಾರಕ್ಕೆ ಹಿತ್ತಲ ಏಣಿ ಹತ್ತಿದವನು ನಾನು. ಅರ್ಧದಲ್ಲಿ ಕಾಲು ಜಾರಿತು. ಬಕೆಟ್ಟಿನ ನೀಲಿಯೆಲ್ಲ ನನ್ನ ತಲೆಯ ಮೇಲೆ. ಕೊಳಲೊಂದು ಕೊಟ್ಟಿದ್ದರೆ ಬಣ್ಣದ ಖರ್ಚಿಲ್ಲದೆ ನಾಟಕದಲ್ಲಿ ಕೃಷ್ಣನಾಗಬಹುದಿತ್ತು.

ಇಲ್ಲಿ ಎಲ್ಲರೂ ನಗುತ್ತಾರೆ. ನಾನು ಕಥೆ ನಿಲ್ಲಿಸುತ್ತೇನೆ. ಆದರೆ ಆಮೇಲೆ—

ಇಂಜಿನಿಯರು ಚೇಂಬರಿನ ಹತ್ತಿರದಿಂದ ಕೂಗಿದರು. “ಸುರಿದ್ಯೇನಯ್ಯ?”

ಅಂಗಡಿಗೆ ಹೋಗಿ ಇನ್ನೊಂದು ಬಾಟ್ಲಿ ನೀಲಿ ತರಬೇಕಿತ್ತು. ಬಿಸಿಲಿತ್ತು, ನಾಚಿಕೆಯಾಗಿತ್ತು, ನಿಮ್ಮ ಮೆಸ್ಸಿನಿಂದ ಮುದ್ದೆ, ಉಪ್ಸಾರಿನ ವಾಸನೆ ಬರುತ್ತಿತ್ತು.

“ಸುರ್ದೆ ಸಾ.”

“ಬಣ್ಣ ಬರಲಿಲ್ಲ. ಪಾಸು, ಇಳಿ.”

ಇಳಿದು, ಮುಖ ತೊಳೆದು, ನಿಮ್ಮ ಮೆಸ್ಸಿನಲ್ಲೇ ಉಂಡೆ. ಕಿವಿಯಲ್ಲಿ ಉಳಿದಿದ್ದ ನೀಲಿ ನೋಡಿ ನಗುತ್ತಾ ನೀವು ಇನ್ನೊಂದು ಮುದ್ದೆ ಇಟ್ಟಿರಿ.

ಮೊದಲ ದೊಡ್ಡ ಮಳೆ ಊಟದ ಹೊತ್ತಿಗೇ ಬಂತು. ವಠಾರದ ಅಷ್ಟೂ ತಾರಸಿಯ ನೀರು ಕೊಳಚೆ ಪೈಪಿಗೆ ಇಳಿದು, ಇಳಿಜಾರಿನ ಕೊನೆಯಲ್ಲಿದ್ದ ನಿಮ್ಮ ಬಚ್ಚಲಿನಿಂದ ಉಕ್ಕಿತು. ಒಲೆಗೆ, ರಾಗಿ ಹಿಟ್ಟಿಗೆ, ಉಣ್ಣಲು ಕೂತವರ ಕಾಲಿಗೆ... ಸುದ್ದಿ ಕೇಳಿದೊಡನೆ ನನಗೆ ಎಲ್ಲ ಗೊತ್ತಾಯಿತು.

ಮರುದಿನ ಚೇಂಬರು ತೆಗೆದಾಗ ತಳದಲ್ಲಿ ಒಂದಿಷ್ಟು ಬೂದಿ, ತೆಂಗಿನ ನಾರು. ಇಡೀ ಬೀದಿ ಸುತ್ತ ನಿಂತಿತ್ತು. ಇಂಜಿನಿಯರು ನನ್ನನ್ನು ನೋಡಿದರು. ಬುದ್ಧಿಗಿಂತ ಮೊದಲು ಬಾಯಿ ಓಡುವುದು ನನ್ನ ಹುಟ್ಟುಗುಣ.

“ನಮ್ಮಕ್ಕ ಪೈಪ್ಗೂ ವಿಭೂತಿ ಬಳ್ದವ್ರೆ ಸಾ.”

ನಿಮ್ಮ ಬೂದಿಯೇ ಪೈಪು ಕಟ್ಟಿಸಿತೆಂದುಕೊಂಡು ಎಲ್ಲರೂ ನಕ್ಕರು. ನೀವು ಮಾತ್ರ ನಿಮ್ಮ ಅಂಗೈ ನೋಡಿಕೊಂಡಿರಿ. ಇಂಥ ಮಾತು ಊರಲ್ಲಿ ಎಷ್ಟು ಬೇಗ ಹಬ್ಬುತ್ತದೆ—ಆಮೇಲೆ ನಿಮ್ಮಲ್ಲಿ ಉಣ್ಣಲು ಯಾರೂ ಕೂರಲಿಲ್ಲ. ಮೆಸ್ಸಿಗೆ ಬೀಗ ಹಾಕಿ, ತಿ. ನರಸೀಪುರದ ತಮ್ಮನ ಮನೆಗೆ ಹೋದಿರಿ.

ಮೊನ್ನೆ ಅಲ್ಲಿ ಒಂದು ಹೋಟೆಲಿನ ಹಿಂದೆ, ಬೇರೆಯವರ ಪಾತ್ರೆ ತಿಕ್ಕುತ್ತಿದ್ದಿರಿ. ನೀವೇ ಗುರುತು ಹಿಡಿದಿರಿ.

“ಲೇ ನೀಲಿ, ಊಟ ಆಯ್ತೇನ್ಲಾ?” ಎಂದಿರಿ. ಆಮೇಲೆ ನಾನು ಕೇಳದೆಯೇ, “ಈಗ ಸೋಪಿನ್ ಪುಡೀನೇ ಕಣಪ್ಪ. ಬೂದಿ ಮುಟ್ಟಕಿಲ್ಲ. ನನ್ನಿಂದ ಇನ್ನೊಂದ್ ಬೀದೀಗ್ ತೊಂದ್ರೆ ಆಗ್ಬಾರ್ದು.”

ನಾನು ಏನೋ ತಮಾಷೆ ಮಾಡಿ ಬಸ್ಸು ಹತ್ತಿದೆ. ಯಾವ ತಮಾಷೆಯೋ ನೆನಪಿಲ್ಲ.

ನಗಿಸಿ ನಗಿಸಿ ಸಾಕಾಗಿದೆ ಅಕ್ಕ. ಆ ವಠಾರದ ತಾರಸಿ ಕೊಳವೆ ಇನ್ನೂ ಕೊಳಚೆ ಪೈಪಿಗೇ ಸೇರಿದೆ. ಈ ಭಾನುವಾರ ನೀಲಿ ಕಲಸಿಕೊಂಡು ಹೋಗುತ್ತೇನೆ. ಅವತ್ತು ನಕ್ಕವರನ್ನೇ ಕರೆದು ಚೇಂಬರಿನ ಸುತ್ತ ನಿಲ್ಲಿಸುತ್ತೇನೆ. ನಿಮ್ಮನ್ನು ಕರೆಯಲು ನನಗೆ ಮುಖವಿಲ್ಲ. ನೀಲಿ ಬಂದಾಗ ಇದೇನೆಂದು ಅವರು ಕೇಳುತ್ತಾರೆ. ಹೇಳಬೇಕು—ನಗಿಸದೆ.