ಫಕೀರಪ್ಪನವರು ಮೂಸಿ ನೋಡಿದ ಬೆಲ್ಟು

ಮೊನ್ನೆ ಸ್ಟಾಫ್ ರೂಮಿನಲ್ಲಿ ನಮ್ಮ ಹೊಸ ಟೀಚರ್ ಶಶಿಕಲಾ ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಕುಷ್ಟಗಿಯ ತವರಿನಿಂದ ಕೂಸಿನ ನೆತ್ತಿಗೆಂದು ತಂದ ಔಡಲೆಣ್ಣೆ, ನೀವು ಹರಳೆಣ್ಣೆ ಅನ್ನುವುದು. ಸೋರಿದೆಯೇನೋ ಎಂದು ಮುಚ್ಚಳ ತೆಗೆದು ನೋಡಿದಳು, ಅಷ್ಟೇ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಹಾದ ಕಪ್ಪು ನನ್ನ ಬಾಯಿಯ ಹತ್ತಿರ ಬಂದು ನಿಂತಿತು. ಔಡಲೆಣ್ಣೆ ಎಂದರೆ ನಿಮಗೆ ನಿಮ್ಮ ಅಜ್ಜಿ ನೆನಪಾಗಬಹುದು, ಮೂಗು ಹಿಡಿದು ಕುಡಿಸಿದ ಬೆಳಗುಗಳು ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕೆಂಪು ಕಾರು ಮತ್ತು ಭಾಗ್ಯನಗರದ ಮೆಕ್ಯಾನಿಕ್ ಫಕೀರಪ್ಪನವರು.

ನಾನು ಕೊಪ್ಪಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮತದಾರರ ಪಟ್ಟಿಯ ಕೆಲಸಕ್ಕೆಂದು ಊರೂರು ತಿರುಗುತ್ತಿದ್ದಾಗ ಒಂದು ಕಲ್ಲಿನ ಕ್ವಾರಿಯ ಶೆಡ್ಡಿನಲ್ಲಿ ಆ ಕಾರು ಕಂಡಿತು. ಎರಡೇ ಸೀಟು, ನೆಲಕ್ಕೆ ಹತ್ತಿದಂಥ ಮೈ, ಪರದೇಶದ್ದು, ನನಗಿಂತ ಹಿರಿಯದು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕುಳಿತಿತ್ತು. ಕ್ವಾರಿಯವರು ಗುಜರಿಗೆ ಹಾಕುವವರಿದ್ದರು. ನಾನು ಕೇಳಿ ಮನೆಗೆ ತಂದೆ. ಯಾಕೆ ಎಂದು ಕೇಳಬೇಡಿ. ಕೆಲವರಿಗೆ ಸೀರೆಯ ಹುಚ್ಚು, ನನಗೆ ಓಡುವ ಯಂತ್ರಗಳ ಹುಚ್ಚು. ನಮ್ಮೂರು ತಳಕಲ್ಲಿನಲ್ಲಿ ಅಪ್ಪನ ಹಿಟ್ಟಿನ ಗಿರಣಿಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ ಇತ್ತು. ಬೆಲ್ಟಿನ ಸದ್ದು ಕೇಳದಿದ್ದರೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಅಪ್ಪ ಪ್ರತಿ ಅಮಾವಾಸ್ಯೆ ಗಿರಣಿ ನಿಲ್ಲಿಸಿ, ಯಂತ್ರ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಿದ್ದ. ನಮ್ಮ ಕಡೆ ಗಾಡಿ, ಪಂಪು, ತಕ್ಕಡಿ ಎಲ್ಲಕ್ಕೂ ಅಮಾವಾಸ್ಯೆಯ ಪೂಜೆ ಉಂಟು. ಕಾರು ಬಂದ ಮೇಲೆ ನಾನೂ ಅದನ್ನು ತಪ್ಪಿಸಲಿಲ್ಲ.

ಕಾರನ್ನು ಓಡುವಂತೆ ಮಾಡಿದವರು ಫಕೀರಪ್ಪನವರು. ಟ್ರ್ಯಾಕ್ಟರ್ ರಿಪೇರಿಯ ಕೈ, ಆದರೆ ಎಂಥ ಕೈ ಅಂತೀರಿ. ಇಂಜಿನ್ನಿನ ಮುಂದಿದ್ದ ಹಲ್ಲಿನ ಬೆಲ್ಟನ್ನು, ಅವರು ಟೈಮಿಂಗ್ ಬೆಲ್ಟ್ ಎನ್ನುವುದನ್ನು, ತೋರಿಸಿ ನನಗೇ ಪಾಠ ಮಾಡಿದ್ದರು. “ಅಕ್ಕೋರ, ಕೆಳಗಿನ ಗಾಲಿ ಪಿಸ್ಟನ್ನಿಂದು, ಮ್ಯಾಲಿನ ಗಾಲಿ ವಾಲ್ವಿಂದು. ಎರಡೂ ಜೋಡಿ ಎತ್ತಿದ್ದಂಗ. ಈ ಬೆಲ್ಟ್ ಅವಕ್ಕ ಹೆಜ್ಜಿ ಕೂಡಿಸ್ತೈತಿ. ಒಂದ ಹಲ್ಲ ಜಾರಿದ್ರ ಒಂದಕ್ಕೊಂದು ಬಡಕೊಂಡು ಸಾಯ್ತಾವ.” ಬೆಲ್ಟಿನ ಮೇಲಿನ ಮುಚ್ಚಳ ಒಡೆದುಹೋಗಿತ್ತು, ಬೇರೆಯದು ಎಲ್ಲಿಯೂ ಸಿಗಲಿಲ್ಲ. ಹಾಗಾಗಿ ಬಾನೆಟ್ ಎತ್ತಿದರೆ ಬೆಲ್ಟು ಕೈಗೇ ಸಿಗುತ್ತಿತ್ತು.

ನಾಲ್ಕು ತಿಂಗಳಿಗೆ ಕಾರು ಏದುಸಿರು ಬಿಡತೊಡಗಿತು. ಫಕೀರಪ್ಪನವರು ಬೆಲ್ಟಿನ ಆ ಎರಡು ಗಾಲಿಗಳ ಗುರುತು ಕೂಡಿಸಿ ನೋಡಿದರು. ಒಂದು ಹಲ್ಲು ಜಾರಿತ್ತು, ಬೆಲ್ಟು ಎಣ್ಣೆ ಕುಡಿದು ಉಬ್ಬಿತ್ತು. “ಬೆಲ್ಟಿಗೆ ಏನರ ಹಚ್ಚೀರೇನ್ರಿ?” ಎಂದು ಕೇಳಿದರು. ಏನೂ ಇಲ್ಲ ಎಂದೆ. ಹಾಗಾದರೆ ಒಳಗಿನ ಎಣ್ಣೆ ತಡೆಯುವ ಸೀಲು ಸೋರಿರಬೇಕೆಂದು ಸೀಲು ಬದಲಿಸಿ ಹೊಸ ಬೆಲ್ಟು ಹಾಕಿದರು. ಮತ್ತೆ ನಾಲ್ಕು ತಿಂಗಳಿಗೆ ಅದೇ ಕತೆ, ಮತ್ತೆ ಸೀಲು, ಮತ್ತೆ ಬೆಲ್ಟು. ಮೂರನೆಯದು ಹಿಟ್ನಾಳದ ಹತ್ತಿರ ಹೆದ್ದಾರಿಯಲ್ಲಿ ಕೈಕೊಟ್ಟಿತು. ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಬಂತು, ಆಮೇಲೆ ಸದ್ದೇ ಇಲ್ಲ. ಹಿಂದೆ ಬರುತ್ತಿದ್ದ ಲಾರಿ ಗೇಣಿನಷ್ಟು ಅಂತರದಲ್ಲಿ ನನ್ನನ್ನು ದಾಟಿ ಹೋಯಿತು. ಕಾರನ್ನು ಒಂದು ಟ್ರ್ಯಾಕ್ಟರಿಗೆ ಕಟ್ಟಿ ಭಾಗ್ಯನಗರಕ್ಕೆ ಎಳೆಸಿದೆ.

ಸಿಟ್ಟು ಹೊರಬಿದ್ದದ್ದು ಗ್ಯಾರೇಜಿನಲ್ಲಿ, ನಾಲ್ಕೈದು ಮಂದಿ ಡ್ರೈವರುಗಳ ಎದುರು. “ಫಕೀರಪ್ಪ, ಬರದಿದ್ರ ಬರಂಗಿಲ್ಲ ಅನ್ರಿ. ಮೂರು ಬೆಲ್ಟ್ ತಿಂದೀರಿ. ಟ್ರ್ಯಾಕ್ಟರ್ ರಿಪೇರಿ ಮಾಡೋರು ಕಾರಿಗೆ ಕೈ ಹಚ್ಚಬಾರದು.” ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿ ನನ್ನದು, ಭಾಗ್ಯನಗರದ ಅರ್ಧಕ್ಕಾದರೂ ಕೇಳಿಸಿರಬೇಕು. ಅವರು ತಲೆ ಎತ್ತಲಿಲ್ಲ. ಬಾಗಿದ ವಾಲ್ವುಗಳನ್ನು ಒಂದು ತಿಂಗಳು ಕೂತು ಸರಿ ಮಾಡಿದರು, ನಾಲ್ಕನೆಯ ಬೆಲ್ಟು ಹಾಕಿದರು. ಆಮೇಲೆ ಇಂಜಿನ್ನಿನ ಮುಂಭಾಗವನ್ನು ಪೆಟ್ರೋಲಿನಿಂದ ತೊಳೆದು ಒಣಗಿಸಿ, ಸೀಲುಗಳ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. “ಹದಿನೈದ ದಿನ ಓಡಿಸಿ ತರ್ರಿ. ಎಲ್ಲಿಂದ ಸೋರತೈತಿ ಪೌಡರ್ ಹೇಳತೈತಿ,” ಎಂದರು.

ಹದಿನೈದು ದಿನಕ್ಕೆ ಒಯ್ದೆ. ಅವರು ಬಗ್ಗಿ ನೋಡಿದರು. “ಸೀಲಿನ ಸುತ್ತ ಪೌಡರ್ ಒಣಾ ಐತ್ರಿ. ಎಣ್ಣಿ ಒಳಗಿಂದ ಬಂದಿಲ್ಲ, ಹೊರಗಿಂದ ಬಂದೈತಿ.” ಬೆಲ್ಟಿನ ಬೆನ್ನ ಮೇಲೆ ಬೆರಳಾಡಿಸಿ ಮೂಸಿದರು. ಆ ಬೆರಳನ್ನೇ ನನ್ನ ಮುಂದೆ ಹಿಡಿದರು. “ಇದ್ಯಾತರ ವಾಸನಿ ಹೇಳ್ರಿ ಅಕ್ಕೋರ.”

ಔಡಲೆಣ್ಣೆ.

ಅಪ್ಪನ ಪೂಜೆಯಲ್ಲಿ ಕಾಯಿ ಒಡೆದ ಮೇಲೆ ಇನ್ನೊಂದು ಸಣ್ಣ ಕೆಲಸವಿರುತ್ತಿತ್ತು. ಗಿರಣಿಯದು ಚರ್ಮದ ಬೆಲ್ಟು, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಅವನು ಎರಡು ಬೆರಳು ಔಡಲೆಣ್ಣೆಯಲ್ಲಿ ಅದ್ದಿ ಬೆಲ್ಟಿನುದ್ದಕ್ಕೂ ಸವರುತ್ತಿದ್ದ. ನಾನೂ ಪ್ರತಿ ಅಮಾವಾಸ್ಯೆ ಹಾಗೇ ಸವರಿದ್ದೆ, ಕಾರಿನ ರಬ್ಬರ್ ಬೆಲ್ಟಿಗೆ. ಪೌಡರ್ ಉದುರಿಸಿದ ಆ ಹದಿನೈದು ದಿನದ ನಡುವೆಯೂ ಒಂದು ಅಮಾವಾಸ್ಯೆ ಬಂದಿತ್ತು. ಏನಾದರೂ ಹಚ್ಚಿದ್ದೀರಾ ಎಂದು ಅವರು ಕೇಳಿದಾಗ ನಾನು ಸುಳ್ಳು ಹೇಳಿರಲಿಲ್ಲ. ಅದು ನನ್ನ ಲೆಕ್ಕದಲ್ಲಿ ಹಚ್ಚುವುದಲ್ಲ, ಪೂಜೆ. ಎಣ್ಣೆ ಕುಡಿದರೆ ರಬ್ಬರ್ ಉಬ್ಬುತ್ತದೆ ಎಂದು ಮಕ್ಕಳಿಗೆ ಹೇಳುವವಳೂ ನಾನೇ. ಹೆದ್ದಾರಿಯಲ್ಲಿ ಸಾಯಲಿದ್ದದ್ದು ನನ್ನ ಕೈಯಿಂದಲೇ, ಬೈಸಿಕೊಂಡವರು ಮಾತ್ರ ಅವರು.

ಅಷ್ಟರಲ್ಲಿ ಆಚೆ ಕುಳಿತಿದ್ದ ಡ್ರೈವರೊಬ್ಬ ಕೇಳಿದ, “ಏನಾಗಿತ್ತೋ ಫಕೀರಪ್ಪಣ್ಣ?”

ಫಕೀರಪ್ಪನವರು ನನ್ನ ಮುಖ ನೋಡಿದರು. “ಸೀಲ್ ಸರಿ ಕುಂತಿರಲಿಲ್ಲಪ. ನಂದ ತಪ್ಪ,” ಎಂದರು.

ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಚಿಕೆಯಾಗಿತ್ತು, ಅದಕ್ಕೇ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆಮೇಲೆ ಅವರಿಗೆ ಮುಖ ತೋರಿಸಲಾಗದೆ ಕಾರನ್ನು ಹೊಸಪೇಟೆಗೆ ಒಯ್ಯತೊಡಗಿದೆ. ಹಾಗೆ ಆರು ವರ್ಷ ಕಳೆದವು.

ಮೊನ್ನೆ ಶಶಿಕಲಾ ಬಾಟಲಿಯ ಮುಚ್ಚಳ ಬಿಗಿಮಾಡುತ್ತ ಹೇಳಿದಳು, “ಅಕ್ಕಾ, ನಮ್ಮ ಮನ್ಯಾವ್ರು ಒಂದು ಹಳೇ ಕಾರ್ ತಗೊಂಡಾರ್ರಿ. ಭಾಗ್ಯನಗರದಾಗ ಫಕೀರಪ್ಪ ಅಂತ ಅದಾನಂತ, ಅವನ ಕಡೆ ಮಾತ್ರ ಒಯ್ಯಬ್ಯಾಡ್ರಿ ಅಂತ ಊರ ಮಂದಿ ಅಂದ್ರಂತ. ಯಾರೋ ಟೀಚರ್ ಗಾಡಿದು ಮೂರು ಬೆಲ್ಟ್ ತಿಂದಾನಂತ. ಟ್ರ್ಯಾಕ್ಟರ್ ರಿಪೇರಿ ಮಾಡಾವಂತ.”

ನನ್ನದೇ ಮಾತು, ಒಂದಕ್ಷರವೂ ಸವೆಯದೆ ನನ್ನ ಮುಂದೆ ಬಂದು ನಿಂತಿತ್ತು. ಒಂದು ದಿನದ ಸಿಟ್ಟು ಅಂದೇ ಮುಗಿಯಿತು ಎಂದುಕೊಂಡಿದ್ದೆ. ಅದು ಆರು ವರ್ಷದಿಂದ ಊರು ತಿರುಗುತ್ತಲೇ ಇತ್ತು. “ಆ ಟೀಚರ್ ನಾನವ್ವ,” ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಸಂಜೆ ಶಾಲೆ ಬಿಟ್ಟೊಡನೆ ಕಾರು ತೆಗೆದುಕೊಂಡು ಭಾಗ್ಯನಗರಕ್ಕೆ ಹೋದೆ. ಗ್ಯಾರೇಜಿನ ಫಲಕದ ಮೇಲೆ ಮೊದಲು ಟ್ರ್ಯಾಕ್ಟರಿನ ಪಕ್ಕ ಒಂದು ಕಾರಿನ ಚಿತ್ರವಿತ್ತು. ಈಗ ಆ ಕಾರಿನ ಮೇಲೆ ಸುಣ್ಣ ಬಳಿದಿದ್ದರು. ಅದನ್ನು ನೋಡಿ ಇಳಿಯುವ ಧೈರ್ಯ ಹೋಯಿತು, ಆದರೂ ಇಳಿದೆ. ಮೂರು ಮಂದಿ ಡ್ರೈವರುಗಳು ಕಲ್ಲಿನ ಮೇಲೆ ಕುಳಿತಿದ್ದರು. ಕೊನೆಯ ಬೆಂಚಿನ ಧ್ವನಿಯಲ್ಲೇ ಹೇಳಿದೆ, “ಎಲ್ಲಾರೂ ಕೇಳ್ರಿ. ಅವತ್ತ ಈ ಗಾಡಿ ಬೆಲ್ಟ್ ಕೆಡಿಸಿದಾಕಿ ನಾನು. ಅಮಾಸಿಗೊಮ್ಮೆ ಔಡಲೆಣ್ಣಿ ಹಚ್ಚಿದ್ದೆ. ಫಕೀರಪ್ಪನವರದು ಏನೂ ತಪ್ಪಿರಲಿಲ್ಲ. ಅವರು ನನ್ನ ಮಾನ ಉಳಿಸಿದ್ರು, ನಾ ಅವರ ಹೆಸರು ಕೆಡಿಸಿದೆ.”

ಫಕೀರಪ್ಪನವರ ಗಡ್ಡ ಬೆಳ್ಳಗಾಗಿತ್ತು. ಅವರು ಕೈ ಒರೆಸಿಕೊಂಡ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿನ ಹತ್ತಿರ ಬಂದರು. “ಬಾನೆಟ್ ತಗೀರಿ,” ಎಂದರು.

ತೆಗೆದೆ. ಅವರು ಬಗ್ಗಿ, ಮೊದಲು ಬೆಲ್ಟಿನ ವಾಸನೆ ನೋಡಿದರು.